ದೊಡ್ಡ ಎಲೆಕ್ಟ್ರಾನಿಕ್ಸ್ ಶೋರೂಮ್ ಕೈ ಎತ್ತಿದರೆ ಏನು ಮಾಡಬೇಕು: ಬಿಲ್ಲಿನಿಂದ ಗ್ರಾಹಕ ಆಯೋಗದವರೆಗೆ

ಟಿವಿಯೋ ಫ್ರಿಜ್ಜೋ ಕೊಳ್ಳುವ ದಿನ ಶೋರೂಮಿನಲ್ಲಿ ಕೂರಿಸಿ ನೀರು ಕೊಡುತ್ತಾರೆ. ಅದೇ ವಸ್ತು ವಾರದಲ್ಲಿ ಕೆಟ್ಟರೆ, "ಅದು ಕಂಪನಿಯವ್ರು ನೋಡ್ಬೇಕು ಸರ್, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ" ಎಂಬ ಒಂದೇ ಉತ್ತರ. ಅತ್ತ ಕಸ್ಟಮರ್ ಕೇರ್‌ನವರು, "ಬದಲಾಯಿಸಿ ಕೊಡೋದು ಡೀಲರ್ ಕೆಲಸ" ಅನ್ನುತ್ತಾರೆ. ಈ ಅಲೆದಾಟ ಮುಗಿಯಬೇಕಾದರೆ ಕೈಯಲ್ಲಿ ಕಾಗದ ಇರಬೇಕು. ಆ ಕಾಗದ ಹುಟ್ಟಬೇಕಾದದ್ದು ಕೊಳ್ಳುವ ದಿನವೇ.

ಮೊದಲು ಅಂಗಡಿಯ ಒಳಗಿನ ವ್ಯವಸ್ಥೆ ತಿಳಿದಿರಲಿ. ನಿಮಗೆ ಟಿವಿ ತೋರಿಸಿದ ಹುಡುಗ ಅನೇಕ ಸಲ ಅಂಗಡಿಯ ನೌಕರನೇ ಆಗಿರುವುದಿಲ್ಲ. ಒಂದೊಂದು ಬ್ರ್ಯಾಂಡಿನವರು ತಮ್ಮ ಮಾಲು ಮಾರಿಸಲು ನಿಲ್ಲಿಸಿದ ಪ್ರಮೋಟರ್ ಆಗಿರುತ್ತಾನೆ. ತನ್ನ ಬ್ರ್ಯಾಂಡ್ ಮಾರಿದರೆ ಅವನಿಗೆ ಇನ್ಸೆಂಟಿವ್. ಅಂಗಡಿಯ ನೌಕರರಿಗೆ ಎಕ್ಸ್‌ಟೆಂಡೆಡ್ ವಾರಂಟಿ, ಸ್ಟೆಬಿಲೈಸರ್, ಕೇಬಲ್ ಇವನ್ನು ಜೊತೆಗೆ ಸೇರಿಸಿ ಮಾರುವ ಟಾರ್ಗೆಟ್ ಇರುತ್ತದೆ. "ಏನೇ ಆದ್ರೂ ನಾವಿದ್ದೀವಿ" ಎಂದವನು ತಿಂಗಳ ನಂತರ ಆ ಫ್ಲೋರಿನಲ್ಲೇ ಇಲ್ಲದಿರಬಹುದು. ಹಾಗಾಗಿ ಬಾಯಿಮಾತಿನ ಭರವಸೆಗಳನ್ನೆಲ್ಲ ದುಡ್ಡು ಕಟ್ಟುವ ಮೊದಲೇ ಬಿಲ್ಲಿನ ಮೇಲೆ ಬರೆಸಬೇಕು: "ಇನ್‌ಸ್ಟಾಲೇಶನ್ ಉಚಿತ, ವಾಲ್ ಮೌಂಟ್ ಸೇರಿದೆ, ಡೆಲಿವರಿ ಇಂಥ ತಾರೀಖು, ಹಳೆ ಫ್ರಿಜ್ ಎಕ್ಸ್‌ಚೇಂಜ್ ಬೆಲೆ ಇಷ್ಟು." ಬರೆಯಲು ಹಿಂಜರಿದರೆ ಅವರ ವಾಟ್ಸಾಪ್‌ಗೆ ಇದನ್ನೇ ಕಳಿಸಿ, "ಓಕೆ" ಎಂಬ ಉತ್ತರ ತರಿಸಿಕೊಳ್ಳಿ.

ಬಿಲ್ಲಿನಲ್ಲಿ ನೋಡಲೇಬೇಕಾದದ್ದು

ಮಾಡೆಲ್ ನಂಬರ್ ಪೂರ್ತಿ ಇರಬೇಕು. ಕೊನೆಯ ಎರಡು ಅಕ್ಷರ ಬದಲಾದರೂ ಪ್ಯಾನೆಲ್ ಬೇರೆ, ವರ್ಷ ಬೇರೆ ಆಗುವುದುಂಟು. ಸೀರಿಯಲ್ ನಂಬರ್, ಫೋನಾದರೆ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಬಿಲ್ಲಿನಲ್ಲಿರಬೇಕು. ಅದು ಪೆಟ್ಟಿಗೆಯ ಮೇಲಿನ ಲೇಬಲ್ಲಿಗೂ ವಸ್ತುವಿನ ಮೇಲಿರುವುದಕ್ಕೂ ಹೊಂದಬೇಕು. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಕಾಣುತ್ತದೆ. ಗೋಡೌನಿನಿಂದ ಬರುವ ಟಿವಿ, ಫ್ರಿಜ್‌ಗಳಿಗೆ ಸೀರಿಯಲ್ ನಂಬರ್ ಬಿಟ್ಟು ಬಿಲ್ ಹಾಕಿದ್ದರೆ, ಡೆಲಿವರಿ ಚಲನ್ನಿನಲ್ಲಾದರೂ ಅದನ್ನು ಬರೆಸಿಕೊಳ್ಳಿ.

ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ, ಎಂಆರ್‌ಪಿ, ಗ್ರಾಹಕ ದೂರಿಗೆ ಸಂಪರ್ಕ ವಿವರ ಇರಬೇಕೆಂದು ಕಾನೂನೇ ಇದೆ. ಎರಡು ವರ್ಷ ಹಳೆಯ ಸ್ಟಾಕ್ ಆಗಿದ್ದರೆ ಬೆಲೆ ಇಳಿಸಲು ಕೇಳುವ ಹಕ್ಕು ನಿಮ್ಮದು. ಡಿಸ್‌ಪ್ಲೇ ಪೀಸನ್ನು ಹೊಸ ಬೆಲೆಗೆ ಕೊಳ್ಳಲೇಬೇಡಿ. ದಿನಕ್ಕೆ ಹತ್ತು ಗಂಟೆ ಉರಿದ ಪ್ಯಾನೆಲ್ ಅದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ, ಎಸಿ, ಡಿಶ್‌ವಾಷರ್‌ಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ; ಆ ಸಾಲನ್ನೂ ಒಮ್ಮೆ ನೋಡಿ.

ಮನೆಗೆ ಕೊಳ್ಳುವ ವಸ್ತುವಿಗೆ ತೆರಿಗೆ ಉಳಿಸುವ ಆಸೆಯಿಂದ ಸ್ವಂತ ವ್ಯಾಪಾರದ ಜಿಎಸ್‌ಟಿ ನಂಬರ್ ಕೊಡುವವರಿದ್ದಾರೆ. ಮುಂದೆ ಗ್ರಾಹಕ ಆಯೋಗಕ್ಕೆ ಹೋದರೆ ಎದುರು ಪಕ್ಷದವರು ಎತ್ತುವ ಮೊದಲ ತಕರಾರೇ "ಇದು ವಾಣಿಜ್ಯ ಉದ್ದೇಶದ ಖರೀದಿ, ಇವರು ಗ್ರಾಹಕರೇ ಅಲ್ಲ" ಎಂಬುದು. ಮನೆಯ ವಸ್ತುವಿಗೆ ಮನೆಯವರ ಹೆಸರಿನಲ್ಲೇ ಬಿಲ್ ಹಾಕಿಸಿ. ಥರ್ಮಲ್ ಪೇಪರಿನ ಬಿಲ್ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ, ಅದೇ ದಿನ ಫೋಟೋ ತೆಗೆದು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ.

ಎಕ್ಸ್‌ಟೆಂಡೆಡ್ ವಾರಂಟಿಯನ್ನು ಕೌಂಟರಿನ ಒತ್ತಡಕ್ಕೆ ಕೊಳ್ಳಬಾರದು. ಅನೇಕ ಸಲ ಅದು ತಯಾರಕರ ವಾರಂಟಿ ಆಗಿರುವುದಿಲ್ಲ, ಅಂಗಡಿಯದೋ ಮೂರನೆಯವರದೋ ಪ್ಲಾನ್. ಷರತ್ತಿನ ಹಾಳೆ ಕೇಳಿ ಮೂರು ವಿಷಯ ಹುಡುಕಿ: ರಿಪೇರಿಗೆ ಗರಿಷ್ಠ ಮೊತ್ತ ಎಷ್ಟು, ವಸ್ತು ರಿಪೇರಿಯಾಗದಿದ್ದರೆ ಸವಕಳಿ ಕಳೆದು ಎಷ್ಟು ಕೊಡುತ್ತಾರೆ, ಗ್ಯಾಸ್, ಪ್ಲಾಸ್ಟಿಕ್ ಭಾಗ, ರಿಮೋಟ್, ಪ್ಯಾನೆಲ್ ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾರೆ. ಹಾಳೆ ಕೊಡದೆ "ಎಲ್ಲಾ ಕವರ್ ಆಗುತ್ತೆ" ಎಂದರೆ ಬೇಡ ಅನ್ನಿ.

ಡೆಲಿವರಿಯ ಅರ್ಧ ಗಂಟೆ

ಹೆಚ್ಚಿನ ಜಗಳಗಳ ಬೇರು ಇಲ್ಲಿದೆ. 55 ಇಂಚಿನ ಟಿವಿಯ ಪ್ಯಾನೆಲ್ ಗಾಜು ತೆಳು. ಪೆಟ್ಟಿಗೆಯನ್ನು ಮಲಗಿಸಿ ತಂದರೂ ಮೂಲೆಗೆ ಏಟು ಬಿದ್ದರೂ ಒಳಗೆ ಬಿರುಕು ಬಿಡುತ್ತದೆ. ಆಫ್ ಇರುವಾಗ ಆ ಬಿರುಕು ಕಾಣದಿರಬಹುದು, ಆನ್ ಮಾಡಿದಾಗ ಬಣ್ಣದ ಗೆರೆಗಳೋ ಜೇಡರ ಬಲೆಯಂಥ ಕಲೆಯೋ ಕಾಣುತ್ತದೆ. ಭೌತಿಕ ಹಾನಿ ವಾರಂಟಿಗೆ ಬರುವುದಿಲ್ಲ. ಗ್ರಾಹಕರೇ ಪೆಟ್ಟಿಗೆ ಬಿಚ್ಚಿದ್ದರೆ "ನಿಮ್ಮ ಮನೇಲಿ ಒಡೆದಿದ್ದು" ಅನ್ನುವುದು ಸುಲಭ.

ಆದ್ದರಿಂದ ಟಿವಿ ಪೆಟ್ಟಿಗೆಯನ್ನು ಇನ್‌ಸ್ಟಾಲೇಶನ್‌ಗೆ ಬಂದ ಕಂಪನಿ ಟೆಕ್ನಿಶಿಯನ್ ಎದುರಲ್ಲೇ ತೆರೆಸಿ. ಡೆಲಿವರಿ ಹುಡುಗರು ಇಳಿಸಿ ಹೋಗುವಾಗ ಹೊರಗಿನ ಮೂಲೆ, ತೂತು, ತೇವದ ಗುರುತು, ಎರಡನೇ ಸಲ ಅಂಟಿಸಿದ ಟೇಪ್ ಇವನ್ನು ನೋಡಿ. ಸಹಿ ಹಾಕುವ ಚಲನ್ನಿನ ಮೇಲೆ "ಪೆಟ್ಟಿಗೆ ತೆರೆದು ನೋಡಿಲ್ಲ" ಎಂದು ನೀವೇ ಬರೆಯಿರಿ. ಅದರ ಫೋಟೋ ತೆಗೆದ ಮೇಲೆಯೇ ಓಟಿಪಿ ಕೊಡಿ. ಮೂಲೆ ಜಜ್ಜಿದ್ದರೆ ಒಳಗೆ ತೆಗೆದುಕೊಳ್ಳದೆ ವಾಪಸ್ ಕಳಿಸುವುದೇ ಸರಿ, ಅವರು ಎಷ್ಟೇ ಅವಸರ ಮಾಡಲಿ.

ತೆರೆಯುವಾಗ ಒಂದೇ ವಿಡಿಯೋ, ನಡುವೆ ನಿಲ್ಲಿಸದೆ. ಲೇಬಲ್ಲಿನ ಸೀರಿಯಲ್ ನಂಬರಿನಿಂದ ಶುರು ಮಾಡಿ, ಟೇಪ್ ಕತ್ತರಿಸುವುದು, ವಸ್ತು ಹೊರಬರುವುದು, ಹಿಂಭಾಗದ ಸೀರಿಯಲ್ ನಂಬರ್, ಸ್ವಿಚ್ ಹಾಕುವುದು, ಎಲ್ಲ ಅದರಲ್ಲೇ ಬರಲಿ. ಗೋಡೆಗೆ ಹಾಕುವ ಮೊದಲು ಆನ್ ಮಾಡಿಸಿ. ಸ್ಕ್ರೂ ಬಿಗಿದ ಮೇಲೆ ಬಿರುಕು ಕಂಡರೆ ಅದು ಯಾರಿಂದಾಯಿತು ಎಂಬ ವಾದಕ್ಕೆ ಕೊನೆಯಿಲ್ಲ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಬಣ್ಣಗಳನ್ನು ಪೂರ್ತಿ ಪರದೆಗೆ ಹಾಕಿ ನೋಡಿದರೆ ಸತ್ತ ಪಿಕ್ಸೆಲ್, ಅಂಚಿನ ಬೆಳಕು ಸೋರಿಕೆ ಗೊತ್ತಾಗುತ್ತವೆ.

ಉಳಿದ ವಸ್ತುಗಳ ಬಗ್ಗೆ ಚಿಕ್ಕದಾಗಿ. ಫ್ರಂಟ್ ಲೋಡ್ ವಾಷಿಂಗ್ ಮಷೀನಿನ ಹಿಂದೆ ಡ್ರಮ್ ಅಲುಗದಂತೆ ಬಿಗಿದ ಟ್ರಾನ್ಸಿಟ್ ಬೋಲ್ಟ್‌ಗಳಿರುತ್ತವೆ. ಅವನ್ನು ತೆಗೆಯದೆ ಓಡಿಸಿದರೆ ಮಷೀನ್ ಕುಣಿದು ಒಳಗಿನ ಭಾಗ ಮುರಿಯುತ್ತದೆ. ತೆಗೆದ ಬೋಲ್ಟ್ ಎಸೆಯಬೇಡಿ, ಮನೆ ಬದಲಿಸುವಾಗ ಬೇಕು. ಫ್ರಿಜ್ಜನ್ನು ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಸ್ವಿಚ್ ಹಾಕಿ. ಕಂಪ್ರೆಸರಿನ ಎಣ್ಣೆ ವಾಪಸ್ ಇಳಿಯಲು ಸಮಯ ಬೇಕು. ಎಸಿಯಲ್ಲಿ ಜಗಳ ಬರುವುದು ತಾಮ್ರದ ಪೈಪಿನ ಉದ್ದಕ್ಕೆ. ಎಷ್ಟು ಮೀಟರ್ ಸೇರಿದೆ, ಮೇಲಿನದಕ್ಕೆ ಎಷ್ಟು, ಹೊರಗಿನ ಸ್ಟ್ಯಾಂಡಿಗೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.

ಕೆಟ್ಟದ್ದು ಗೊತ್ತಾದ ದಿನ

ಅಂಗಡಿಗೆ ಓಡುವ ಮೊದಲು ಮೂರು ಕೆಲಸ. ದೋಷದ ವಿಡಿಯೋ ತೆಗೆಯಿರಿ. ಕಂಪನಿಯ ಕಸ್ಟಮರ್ ಕೇರಿನಲ್ಲಿ ದೂರು ದಾಖಲಿಸಿ ನಂಬರ್ ಪಡೆಯಿರಿ. ಅದೇ ದಿನ ಅಂಗಡಿಗೂ ಇಮೇಲ್ ಮಾಡಿ. ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಕೆಲವು ದಿನದೊಳಗೆ ದೋಷ ಬಂದರೆ ಅಧಿಕೃತ ಸರ್ವಿಸ್ ಸೆಂಟರ್ ಪರೀಕ್ಷಿಸಿ ಡಿಓಎ (ಡೆಡ್ ಆನ್ ಅರೈವಲ್) ಸರ್ಟಿಫಿಕೇಟ್ ಕೊಡುತ್ತದೆ. ಬಂದಾಗಲೇ ಕೆಟ್ಟಿತ್ತು ಎಂದು ಕಂಪನಿಯೇ ಒಪ್ಪುವ ಕಾಗದ ಅದು. ಅದಿದ್ದರೆ ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ. ಈ ಅವಧಿ ಬ್ರ್ಯಾಂಡಿಗೊಂದು ಥರ. "ನಾಳೆ ಬನ್ನಿ, ಮ್ಯಾನೇಜರ್ ಇಲ್ಲ" ಎಂದು ಓಡಾಡಿಸುವಷ್ಟರಲ್ಲಿ ಅದು ಮುಗಿದುಹೋಗುವುದೇ ದೊಡ್ಡ ಅಪಾಯ. ಆದ್ದರಿಂದಲೇ ಮೊದಲ ದಿನದ ಇಮೇಲ್ ಬೇಕು.

ಟೆಕ್ನಿಶಿಯನ್ ಬಂದಾಗಲೆಲ್ಲ ಜಾಬ್‌ಶೀಟ್, ಅಂದರೆ ಅವನು ನೋಡಿದ್ದು, ಮಾಡಿದ್ದು ಬರೆದ ಹಾಳೆ, ಕೇಳಿ. ಅದರಲ್ಲಿ "ಚೆಕ್ ಮಾಡಲಾಗಿದೆ" ಎಂದಷ್ಟೇ ಇದ್ದರೆ ಸಾಲದು. ಏನು ದೋಷ, ಯಾವ ಭಾಗ ಬದಲಾಯಿತು ಎಂದಿರಬೇಕು. ಕೆಲಸ ಮುಗಿಯದೆ ಕಾಲ್ ಕ್ಲೋಸ್ ಮಾಡಲು ಓಟಿಪಿ ಅಥವಾ ಹ್ಯಾಪಿ ಕೋಡ್ (ಕೆಲಸ ಸರಿಯಾಗಿ ಮುಗಿಯಿತೆಂದು ಗ್ರಾಹಕರು ಕೊಡುವ ಸಂಖ್ಯೆ) ಕೇಳುತ್ತಾರೆ. "ಪಾರ್ಟ್ ಬಂದ್ಮೇಲೆ ಹೊಸ ಕಾಲ್ ಹಾಕ್ತೀವಿ, ಈಗ ಕೋಡ್ ಕೊಡಿ ಮೇಡಂ" ಎಂದರೆ ಕೊಡಬೇಡಿ. ಕೊಟ್ಟ ಕ್ಷಣ ಕಂಪನಿಯ ದಾಖಲೆಯಲ್ಲಿ ನಿಮ್ಮ ದೂರು ಬಗೆಹರಿದಂತೆ, ಎಷ್ಟು ದಿನ ಬಾಕಿ ಇತ್ತೆಂಬ ಲೆಕ್ಕವೂ ಅಳಿದಂತೆ. ಆ ಹುಡುಗನ ಮೇಲೆ ಸಿಟ್ಟು ಮಾಡಬೇಡಿ, ಬಾಕಿ ಕಾಲ್ ತೋರಿಸದಂತೆ ಅವನ ಮೇಲೂ ಒತ್ತಡವಿದೆ. "ಅರ್ಥಿಂಗ್ ಸರಿಯಿಲ್ಲ, ವೋಲ್ಟೇಜ್ ಏರುಪೇರು" ಎಂದು ವಾರಂಟಿ ನಿರಾಕರಿಸಿದರೆ, ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ರೀಡಿಂಗನ್ನು ನಿಮ್ಮೆದುರೇ ತೆಗೆದು ಜಾಬ್‌ಶೀಟಿನಲ್ಲಿ ಬರೆಯಲು ಹೇಳಿ.

ಅಂಗಡಿಗೆ ಬರೆಯುವ ಇಮೇಲ್ ಚಿಕ್ಕದಿರಲಿ. ಇಷ್ಟು ಸಾಕು:

"ಬಿಲ್ ನಂಬರ್ ___, ತಾರೀಖು ___, ಮಾಡೆಲ್ ___, ಸೀರಿಯಲ್ ನಂಬರ್ ___. ___ ತಾರೀಖು ಇನ್‌ಸ್ಟಾಲ್ ಆದ ಈ ಟಿವಿಯ ಪರದೆಯಲ್ಲಿ ___ ತಾರೀಖಿನಿಂದ ಉದ್ದ ಗೆರೆಗಳು ಬರುತ್ತಿವೆ. ಕಂಪನಿ ದೂರು ನಂಬರ್ ___. ಟೆಕ್ನಿಶಿಯನ್ ___ ತಾರೀಖು ಬಂದು ಪ್ಯಾನೆಲ್ ದೋಷವೆಂದು ಜಾಬ್‌ಶೀಟಿನಲ್ಲಿ ಬರೆದಿದ್ದಾರೆ. ಹೊಸ ಟಿವಿ ಅಥವಾ ಪೂರ್ತಿ ಹಣ ಕೊಡಬೇಕು. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಬಿಲ್, ಜಾಬ್‌ಶೀಟ್, ವಿಡಿಯೋ ಲಗತ್ತಿಸಿದೆ."

ಬೈಗುಳ ಬೇಡ, ಮನೆಯ ಕಷ್ಟದ ಕಥೆಯೂ ಬೇಡ. ಬ್ರಾಂಚ್ ಮ್ಯಾನೇಜರ್, ಅಂಗಡಿ ಸರಣಿಯ ಮುಖ್ಯ ಕಚೇರಿ, ಕಂಪನಿ ಮೂವರಿಗೂ ಒಂದೇ ಇಮೇಲಿನಲ್ಲಿ ಹೋಗಲಿ. ಆಗ ಒಬ್ಬರ ಮೇಲೊಬ್ಬರು ಹಾಕಿ ನುಣುಚಿಕೊಳ್ಳುವುದು ಕಷ್ಟ. "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂಬ ಫಲಕ ತೋರಿಸಿದರೆ ಹೆದರಬೇಕಾಗಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ, ಬೇರೆಡೆ ಅಗ್ಗಕ್ಕೆ ಸಿಕ್ಕಿತು ಎಂಬುದಕ್ಕೆ ಇದು ಅನ್ವಯಿಸದು.

ಇಎಂಐಯಲ್ಲಿ ಕೊಂಡಿದ್ದರೆ ಒಂದು ಎಚ್ಚರ. ಸಾಲ ಕೊಟ್ಟಿದ್ದು ಫೈನಾನ್ಸ್ ಕಂಪನಿ, ಅಂಗಡಿಗೆ ಹಣ ಮೊದಲೇ ಸಂದಾಯವಾಗಿದೆ. ಸಿಟ್ಟಿನಲ್ಲಿ ಕಂತು ನಿಲ್ಲಿಸಿದರೆ ಹಾಳಾಗುವುದು ನಿಮ್ಮ ಕ್ರೆಡಿಟ್ ಸ್ಕೋರ್. ಕಂತು ಕಟ್ಟುತ್ತಲೇ ಹೋರಾಡಿ. ವಸ್ತು ವಾಪಸ್ ಪಡೆದರೆ ಸಾಲ ರದ್ದಾಗಿದೆ ಎಂಬ ಪತ್ರವನ್ನು ಫೈನಾನ್ಸ್ ಕಂಪನಿಯಿಂದ ಪಡೆಯದೆ ಬಿಡಬೇಡಿ.

1915, ಆಮೇಲೆ ಆಯೋಗ

ಹದಿನೈದು ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವಾಟ್ಸಾಪ್ 8800001915. ದೊಡ್ಡ ಕಂಪನಿಗಳು ಅನೇಕವು ಇದರ ಜೊತೆ ನೇರ ಸಂಪರ್ಕದಲ್ಲಿವೆ, ಹಾಗಾಗಿ ಅಂಗಡಿಯ ಕೌಂಟರಿನಲ್ಲಿ ಅಲುಗದ ಫೈಲು ಇಲ್ಲಿಂದ ಹೋದಾಗ ಅಲುಗುವುದುಂಟು. ಆದರೆ ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರವಿಲ್ಲ. ಕಂಪನಿ "ಬಗೆಹರಿಸಿದ್ದೇವೆ" ಎಂದು ಸುಮ್ಮನೆ ಬರೆದುಬಿಟ್ಟರೆ, ಬಗೆಹರಿದಿಲ್ಲವೆಂದು ಮತ್ತೆ ದಾಖಲಿಸಿ.

ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ವಿವಾದಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳು ಅಲ್ಲಿಗೇ ಹೋಗುತ್ತವೆ. ಬೆಲೆ 5 ಲಕ್ಷ ದಾಟದಿದ್ದರೆ ಶುಲ್ಕವೇ ಇಲ್ಲ, ಅಂದರೆ ಮನೆಯ ಟಿವಿ ಫ್ರಿಜ್‌ಗೆಲ್ಲ ಉಚಿತ. ಅಂಗಡಿ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಅತಿ ಉಪಯುಕ್ತ ಬದಲಾವಣೆ ಇದೇ. ದೋಷ ಕಂಡುಬಂದು ಎರಡು ವರ್ಷದೊಳಗೆ ಸಲ್ಲಿಸಬೇಕು. ವಕೀಲರು ಕಡ್ಡಾಯವಲ್ಲ.

2025ರ ಜನವರಿ 1ರಿಂದ ಆನ್‌ಲೈನ್ ದೂರಿಗೆ ಇ-ಜಾಗೃತಿ ಪೋರ್ಟಲ್ ಇದೆ. ತಾರೀಖಿನ ಕ್ರಮದಲ್ಲಿ ಘಟನೆಗಳು, ಅಫಿಡವಿಟ್, ಬಿಲ್, ಜಾಬ್‌ಶೀಟ್‌ಗಳು, ಇಮೇಲ್ ಪ್ರಿಂಟ್, 1915ರ ದೂರು ನಂಬರ್ ಬೇಕು. ವಿಡಿಯೋ, ವಾಟ್ಸಾಪ್ ಸ್ಕ್ರೀನ್‌ಶಾಟ್‌ಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವಂಥದು) ಸೇರಿಸಿದರೆ ಅನುಮಾನಕ್ಕೆ ಎಡೆಯಿರದು. ಎದುರು ಪಕ್ಷವಾಗಿ ಅಂಗಡಿ, ತಯಾರಕ ಕಂಪನಿ, ಎಕ್ಸ್‌ಟೆಂಡೆಡ್ ವಾರಂಟಿ ಕೊಟ್ಟವರು ಎಲ್ಲರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ಆ ಒಬ್ಬರತ್ತಲೇ ಬೆರಳು ತೋರಿಸುತ್ತಾರೆ. ಪರಿಹಾರ ಕೇಳುವಾಗ ವಸ್ತುವಿನ ಬೆಲೆ, ಬಡ್ಡಿ, ಮಾನಸಿಕ ಹಿಂಸೆಗೆ ಒಂದು ಮೊತ್ತ, ದೂರಿನ ಖರ್ಚು ಎಂದು ಬೇರೆ ಬೇರೆ ಬರೆಯಿರಿ. 40,000 ರೂಪಾಯಿ ಟಿವಿಗೆ 10 ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಕಡಿಮೆಯಾಗುತ್ತದೆ.

ನೋಟಿಸ್ ತಲುಪಿದ ಮೇಲೆ ಉತ್ತರ ಕೊಡಲು ಎದುರು ಪಕ್ಷಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. 45 ದಿನ ದಾಟಿದ ಉತ್ತರ ಬಂದರೆ ಆಕ್ಷೇಪಣೆ ಎತ್ತಿ. ಪ್ರಕರಣ ಮೂರು ತಿಂಗಳಲ್ಲಿ, ವಸ್ತುವನ್ನು ಲ್ಯಾಬಿಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ, ಅದಕ್ಕೆ ಸಿದ್ಧರಿರಿ. ಕೆಟ್ಟ ವಸ್ತುವನ್ನು ಅಷ್ಟರಲ್ಲಿ ಗುಜರಿಗೆ ಹಾಕಬೇಡಿ, ಬೇರೆ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಲೂಬೇಡಿ.

ನಡುವೆ ಕಂಪನಿಯವರು ರಾಜಿಗೆ ಬರುವುದು ಸಾಮಾನ್ಯ. ಹೊಸ ವಸ್ತು ಮನೆಗೆ ಬಂದು, ಇನ್‌ಸ್ಟಾಲ್ ಆಗಿ, ಹೊಸ ಬಿಲ್ ಅಥವಾ ರೀಪ್ಲೇಸ್‌ಮೆಂಟ್ ಪತ್ರದಲ್ಲಿ ವಾರಂಟಿಯ ತಾರೀಖು ಸ್ಪಷ್ಟವಾಗುವವರೆಗೆ ದೂರು ವಾಪಸ್ ಪಡೆಯುವ ಮೆಮೋಗೆ ಸಹಿ ಬೇಡ. ಆದೇಶ ನಿಮ್ಮ ಪರ ಬಂದ ಮೇಲೆ ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ ಹೋಗಬೇಕು, ಆದೇಶಿಸಿದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು. ಎರಡೂ ಮಾಡದೆ ಹಣವನ್ನೂ ಕೊಡದಿದ್ದರೆ ಅದೇ ಜಿಲ್ಲಾ ಆಯೋಗದಲ್ಲಿ 2019ರ ಕಾಯ್ದೆಯ ಸೆಕ್ಷನ್ 71ರಡಿ ಜಾರಿ ಅರ್ಜಿ ಹಾಕಿ, ಜೊತೆಗೆ ಸೆಕ್ಷನ್ 72ನ್ನೂ ಕೇಳಿ: ಅದರಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ವಿಧಿಸಬಹುದು.