ಲಾಗ್ ಫೈಲ್ ಊದಿಕೊಂಡಿದ್ದು ನನ್ನಿಂದಲೇ

ಬೆಳಗ್ಗೆ ಬಂದು ಕೂತರೆ ಆ್ಯಪ್ ನಿಂತುಹೋಗಿತ್ತು. ಎರರ್ 9002, ಟ್ರಾನ್ಸಾಕ್ಷನ್ ಲಾಗ್ (ಡೇಟಾಬೇಸಿನ ಪ್ರತಿ ಬದಲಾವಣೆಯೂ ದಾಖಲಾಗುವ ಫೈಲ್) ಭರ್ತಿ. ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ನೋಡಿಕೊಳ್ಳುವವರಿಗೆ ಈ ನಂಬರ್ ಬಾಯಿಪಾಠ. ಡೇಟಾ ಫೈಲ್ 40 ಜಿಬಿ, ಪಕ್ಕದಲ್ಲಿ ಎಲ್‌ಡಿಎಫ್ ಫೈಲ್, ಅಂದರೆ ಆ ಲಾಗ್, 180 ಜಿಬಿ! ಡ್ರೈವ್‌ನಲ್ಲಿ ಚೂರೂ ಜಾಗ ಉಳಿದಿರಲಿಲ್ಲ.

ಅಲ್ಲಿಯವರೆಗೆ ನನ್ನ ಹತ್ತಿರ ಇದ್ದಿದ್ದು ಒಂದೇ ಮದ್ದು. ರಿಕವರಿ ಮಾಡೆಲ್ (ಲಾಗನ್ನು ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು ಅನ್ನುವ ಸೆಟ್ಟಿಂಗ್) ಸಿಂಪಲ್‌ಗೆ ಬದಲಿಸು, ಫೈಲನ್ನು ಶ್ರಿಂಕ್ ಮಾಡು, ಅಂದರೆ ಕುಗ್ಗಿಸು, ಮತ್ತೆ ಫುಲ್‌ಗೆ ತಾ. ಎರಡು ನಿಮಿಷದ ಕೆಲಸ. ಕೆಲವು ವಾರದಲ್ಲಿ ಫೈಲ್ ಮತ್ತೆ ಅಷ್ಟೇ ದಪ್ಪ. (ಲಾಗ್ ಬ್ಯಾಕಪ್, ಅಂದರೆ ಲಾಗಿನದೇ ಪ್ರತ್ಯೇಕ ನಕಲು, ತೆಗೆಯುವವರು ಹೀಗೆ ಮಾಡಿದರೆ ಒಂದರ ಹಿಂದೊಂದು ಬರುವ ಆ ಬ್ಯಾಕಪ್ ಸರಪಳಿಯೇ ಕಡಿದುಹೋಗುತ್ತದೆ, ನೆನಪಿರಲಿ.)

ಈ ಸಲ ಮೊದಲು ಕಾರಣ ಹುಡುಕಿದೆ. ಸರ್ವರಿನ ಡೇಟಾಬೇಸುಗಳ ವಿವರ ಕೊಡುವ ಸಿಸ್ ಡೇಟಾಬೇಸಸ್ ವ್ಯೂನಲ್ಲಿ 'ಲಾಗ್ ರೀಯೂಸ್ ವೇಟ್ ಡೆಸ್ಕ್' ಅಂತ ಒಂದು ಕಾಲಂ ಇದೆ. ಲಾಗ್ ಯಾಕೆ ಖಾಲಿಯಾಗುತ್ತಿಲ್ಲ ಎಂದು ಅದೇ ಹೇಳುತ್ತದೆ. ನನ್ನಲ್ಲಿ 'ಲಾಗ್ ಬ್ಯಾಕಪ್' ಎಂದಿತ್ತು. ರಾತ್ರಿ ಫುಲ್ ಬ್ಯಾಕಪ್ ಆಗುತ್ತದಲ್ಲ, ಸಾಕು ಅಂದುಕೊಂಡಿದ್ದೆ. ಫುಲ್ ಬ್ಯಾಕಪ್ ಲಾಗನ್ನು ಖಾಲಿ ಮಾಡುವುದೇ ಇಲ್ಲ. ಅದಕ್ಕೆ ಲಾಗ್ ಬ್ಯಾಕಪ್ಪೇ ಬೇಕು.

ಬೇರೆ ಡ್ರೈವ್‌ಗೆ ಲಾಗ್ ಬ್ಯಾಕಪ್ ತೆಗೆದೆ. ಒಳಗೆ ಒಂದಿಷ್ಟು ಜಾಗವಾಗಿ ಆ್ಯಪ್ ಎದ್ದಿತು. ಆದರೂ ಲಾಗ್ ಅರ್ಧಕ್ಕಿಂತ ಜಾಸ್ತಿ ತುಂಬಿಯೇ ಇತ್ತು. ಕಾಲಂ ನೋಡಿದರೆ ಈಗ 'ಆ್ಯಕ್ಟಿವ್ ಟ್ರಾನ್ಸಾಕ್ಷನ್'. ತೆರೆದಿರುವ ಅತಿ ಹಳೇ ಟ್ರಾನ್ಸಾಕ್ಷನ್ ತೋರಿಸುವ ಡಿಬಿಸಿಸಿ ಓಪನ್‌ಟ್ರಾನ್ ಕಮಾಂಡ್ ಓಡಿಸಿದೆ. ಹಿಂದಿನ ದಿನ ಸಂಜೆ 6.10ಕ್ಕೆ ಶುರುವಾದ ಟ್ರಾನ್ಸಾಕ್ಷನ್ ಇನ್ನೂ ತೆರೆದೇ ಇದೆ. ಯಾರಪ್ಪಾ ಇದು ಅಂತ ಬೈಯುತ್ತಾ ಸೆಷನ್ ನಂಬರ್ ಹಿಡಿದು ಮೆಷಿನ್ ಹೆಸರು ಹುಡುಕಿದೆ. ನನ್ನದೇ! ಟ್ರಾನ್ಸಾಕ್ಷನ್ ಶುರು ಮಾಡುವ ಬಿಗಿನ್ ಟ್ರಾನ್ ಹಾಕಿ, ಒಂದು ಸಣ್ಣ ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ, ಅಂದರೆ ಅದನ್ನು ಖಾಯಂ ಮಾಡಿ ಮುಗಿಸದೆ, ಮನೆಗೆ ಹೋಗಿದ್ದೆ. ಆ ಟ್ರಾನ್ಸಾಕ್ಷನ್ ಮುಗಿಯುವವರೆಗೆ, ಅದು ಶುರುವಾದಲ್ಲಿಂದ ಮುಂದಿನ ಲಾಗ್ ಅಷ್ಟನ್ನೂ ಸರ್ವರ್ ಇಟ್ಟುಕೊಳ್ಳಲೇಬೇಕು. ರಾತ್ರಿಯ ಇಂಡೆಕ್ಸ್ ರೀಬಿಲ್ಡ್ (ಡೇಟಾ ಬೇಗ ಹುಡುಕಲು ಇರುವ ಸೂಚಿಗಳನ್ನು ಹೊಸದಾಗಿ ಕಟ್ಟುವ ಕೆಲಸ) ಬರೆದದ್ದೂ ಅದರಲ್ಲೇ ಸೇರಿತ್ತು. ಕಮಿಟ್ ಮಾಡಿ, ಇನ್ನೊಂದು ಲಾಗ್ ಬ್ಯಾಕಪ್ ತೆಗೆದ ಮೇಲೆ ಬಳಕೆ 3 ಪರ್ಸೆಂಟ್‌ಗೆ ಇಳಿಯಿತು.

ಒಳಗೆ ಖಾಲಿಯಾದರೂ ಫೈಲ್ ಮಾತ್ರ 180 ಜಿಬಿಯೇ. ಶ್ರಿಂಕ್ ಮಾಡಿದೆ, ಅಲುಗಲಿಲ್ಲ. ಬಳಕೆಯಲ್ಲಿರುವ ತುಂಡು ಫೈಲಿನ ಕೊನೆಯಲ್ಲಿದ್ದರೆ ಫೈಲ್ ಕುಗ್ಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಲಾಗ್ ಬ್ಯಾಕಪ್, ಮತ್ತೊಂದು ಶ್ರಿಂಕ್. ಆಗ ಇಳಿಯಿತು.

ಎಷ್ಟಕ್ಕೆ ಇಳಿಸಬೇಕು ಅನ್ನೋದೇ ನಿಜವಾದ ಪ್ರಶ್ನೆ. ನಮ್ಮ ದೊಡ್ಡ ಇಂಡೆಕ್ಸ್ 8 ಜಿಬಿ. ಫುಲ್ ಮಾಡೆಲ್‌ನಲ್ಲಿ ಅದನ್ನು ರೀಬಿಲ್ಡ್ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಲಾಗ್ ಬೀಳುತ್ತದೆ. ಹಾಗಾಗಿ 12 ಜಿಬಿಗೆ ನಿಲ್ಲಿಸಿದೆ. ಹಳೇ ವರ್ಷನ್‌ಗಳ 10 ಪರ್ಸೆಂಟ್ ಆಟೋಗ್ರೋತ್ (ತುಂಬಿದಾಗ ಫೈಲ್ ತಾನೇ ಒಮ್ಮೆಗೆ ಬೆಳೆಯುವ ಪ್ರಮಾಣ) ತೆಗೆದು 512 ಎಂಬಿ ಹಾಕಿದೆ. ಲಾಗ್ ಬ್ಯಾಕಪ್ 15 ನಿಮಿಷಕ್ಕೊಮ್ಮೆ.

12 ಜಿಬಿಯಲ್ಲಿ ಹಗಲು ಹೊತ್ತು 11 ಜಿಬಿ ಸುಮ್ನೆ ಖಾಲಿ ಇರುತ್ತದೆ. ಅದನ್ನೂ ಶ್ರಿಂಕ್ ಮಾಡಬಾರದಾ ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ರೀಬಿಲ್ಡ್ ಓಡುವ ರಾತ್ರಿ ಎರಡು ಗಂಟೆಯ ಗ್ರಾಫ್ ತೋರಿಸಿ ಕಳಿಸುತ್ತೇನೆ.