ಮೊದಲು ಪದ, ಆಮೇಲೆ ಕಂಬ: ಗುಡ್ಡದೂರಿಗೊಂದು ಸಮುದಾಯ ರೇಡಿಯೊ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಎತ್ತ ತಿರುಗಿದರೂ ಗುಡ್ಡ. ನಾಯಕರ ಕಾಲಕ್ಕೆ ಶತ್ರುವಿನ ಕುದುರೆಗೆ ಅಡ್ಡ ನಿಂತ ಗುಡ್ಡಗಳು ಈಗ ಎಫ್‌ಎಂ ಅಲೆಗೂ ಅಡ್ಡ ನಿಲ್ಲುತ್ತವೆ. ಹಾಗಾಗಿ ‘ನಮ್ಮೂರಿಗೊಂದು ಸಮುದಾಯ ರೇಡಿಯೊ ಮಾಡೋಣ’ ಅಂತ ಯಾರಾದರೂ ಬಾಯಿ ತೆಗೆದರೆ, ಚಹಾ ಬರುವುದರೊಳಗೆ ಮಾತು ಗುಡ್ಡ ಹತ್ತಿರುತ್ತದೆ. ಆಂಟೆನಾ ಕಂಬ ಎಲ್ಲಿ ಹಾಕೋದ್ರಿ, ರೊಕ್ಕ ಎಷ್ಟು ಬೇಕ್ರಿ?

ಕಂಬದ ಮಾತು ಸ್ವಲ್ಪ ತಡೀರಿ. ಲೈಸೆನ್ಸ್ ಕೈಗೆ ಬರಬೇಕಾದರೆ ಅರ್ಜಿ ದಿಲ್ಲಿಯಲ್ಲಿ ಹಲವು ಮೇಜು ದಾಟಬೇಕು. ಅಲ್ಲಿಯವರೆಗೆ ಸುಮ್ನೆ ಕೂರುವ ಬದಲು ಧ್ವನಿ ಕೂಡಿಹಾಕಿ. ಪ್ರಸಾರದ ಮೊದಲ ದಿನ ನಿಮ್ಮ ಹತ್ತಿರ ನೂರು ತಾಸಿನ ರೆಕಾರ್ಡಿಂಗ್ ಇರಲಿ. ಜಾಸ್ತಿ ಅನ್ನಿಸಿತಾ? ದಿನಕ್ಕೆ ನಾಲ್ಕು ತಾಸು ಅಂದರೂ ಇಪ್ಪತ್ತೈದು ದಿನಕ್ಕೆ ಅದು ಖಾಲಿ. ಅಷ್ಟೂ ಇಲ್ಲದೆ ಶುರು ಮಾಡಿದರೆ ಎರಡನೇ ವಾರಕ್ಕೇ ಸಿನಿಮಾ ಹಾಡಿಗೆ ಕೈ ಚಾಚಬೇಕಾಗುತ್ತದೆ. ಅದಕ್ಕೆ ಹಕ್ಕುದಾರರಿಗೆ ದುಡ್ಡು ಕಟ್ಟಬೇಕು. ಅದೂ ಅಲ್ಲದೆ, ಆ ಹಾಡು ಎಲ್ಲ ಕಡೆಯೂ ಸಿಗುತ್ತದೆ, ಅಲ್ವಾ?

ಪದ ಹುಡುಕುವುದು

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಓಣಿಯಲ್ಲಿ ಯಾರು ಏನು ಹಾಡುತ್ತಾರೆ ಬರೆಯುತ್ತ ಹೋಗಿ. ಬೀಸುವ ಪದ, ಸೋಬಾನ, ಡೊಳ್ಳಿನ ಪದ, ತತ್ವಪದ, ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದ. ತಾಂಡಾಗಳಿಗೆ ಹೋದರೆ ಲಂಬಾಣಿ ಹಾಡು. ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಅಲ್ಲಿ ಒಂದು ದಿನ ಕೂತರೆ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬುತ್ತದೆ. ಕಥೆಗಳೂ ಬೇಕು. ಬ್ರಿಟಿಷರ ವಿರುದ್ಧ ನಿಂತ ದೊರೆ ರಾಜಾ ವೆಂಕಟಪ್ಪ ನಾಯಕನ ಕಥೆ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ, ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆಯ ಕಥೆ ಹಿರಿಯರ ಬಾಯಲ್ಲಿ ಬೇರೆಯೇ ಇರುತ್ತದೆ.

ಹಂತಿ ಪದಕ್ಕೆ ಮೊದಲ ಸರದಿ ಕೊಡಿ. ರಾತ್ರಿ ಕಣದಲ್ಲಿ ತೆನೆ ತುಳಿಸಲು ಎತ್ತುಗಳನ್ನು ಹಂತಿ ಕಟ್ಟಿ, ಅಂದರೆ ಸಾಲಾಗಿ ಕಟ್ಟಿ, ತಿರುಗಿಸುವಾಗ ನಿದ್ದೆ ಬಾರದಿರಲಿ ಅಂತ ಹಾಡುತ್ತಿದ್ದ ಪದ ಅದು. ರಾಶಿ ಮಷಿನ್ ಬಂತು, ಹಂತಿ ಹೋಯಿತು, ಪದಕ್ಕೆ ನಿಲ್ಲಲು ಜಾಗ ಇಲ್ಲದಾಯಿತು. ಬಲ್ಲವರಿಗೆಲ್ಲ ವಯಸ್ಸಾಗಿದೆ. ಸೋಬಾನ ಮುಂದಿನ ಮದುವೆಯಲ್ಲೂ ಸಿಕ್ಕೀತು, ಇದು ಸಿಗಲಿಕ್ಕಿಲ್ಲ.

‘ಆಯಿ, ಒಂದು ಬೀಸುವ ಪದ ಹೇಳ್ರಿ’ ಅಂದರೆ ಬರುವ ಉತ್ತರ ಗೊತ್ತೇ ಇದೆ: ‘ಎಲ್ಲಿ ತಮ್ಮಾ, ಗಿರಣಿ ಬಂದಾಗಿಂದ ಎಲ್ಲಾ ಮರ್ತು ಹೋಗ್ಯಾವ.’ ಒತ್ತಾಯ ಮಾಡಬೇಡಿ. ಮನೆಯಲ್ಲಿ ಬೀಸುವ ಕಲ್ಲು ಇದೆಯಾ ಕೇಳಿ. ಮೂಲೆಯಲ್ಲಿ ಇದ್ದೇ ಇರುತ್ತದೆ. ಒರೆಸಿ ಇಡಿ, ಎರಡು ಹಿಡಿ ಜೋಳ ಹಾಕಿ. ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸುವುದರೊಳಗೆ ಮೊದಲ ಸಾಲು ಬರುತ್ತದೆ. ಪದ ಕೈಯಲ್ಲಿ ಕೂತಿರುತ್ತದೋ ಏನೋ. ಕಲ್ಲಿನ ಸದ್ದೂ ಜೊತೆಗೇ ಸಿಗುತ್ತದೆ. ಅದನ್ನು ಆಮೇಲೆ ತೆಗೆದುಹಾಕುವ ಬುದ್ಧಿವಂತಿಕೆ ಮಾಡಬೇಡಿ.

ಹಿಡಿಯುವುದು

ಶುರುವಿಗೆ ಮೊಬೈಲ್ ಫೋನು, ಅಂಗಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕು ಸಾಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ಫೈಲು ವೇವ್ (WAV) ರೂಪದಲ್ಲಿ ಇರಲಿ. ಒಂದು ತಾಸಿನ ಸ್ಟೀರಿಯೊ ರೆಕಾರ್ಡಿಂಗಿಗೆ ಸುಮಾರು 600 ಎಂಬಿ ಜಾಗ ಬೇಕು. ಕೋಣೆಯಲ್ಲಿ ಧ್ವನಿ ಗಂವ್ ಅಂದರೆ ಗೋಡೆಗೆ ಎರಡು ಕೌದಿ ನೇತುಹಾಕಿ. ಸ್ಟುಡಿಯೊ ಕಟ್ಟುವಾಗಲೂ ಇದೇ ಉಪಾಯ ನಡೆಯುತ್ತದೆ.

ಫ್ಯಾನ್ ಆರಿಸಿ. ನಾನು ಮೊದಲ ಸಲ ಒಬ್ಬ ಆಯಿಯ ಪದ ಹಿಡಿಯಲು ಹೋದಾಗ ಬಿಸಿಲು ಹಾಗಿತ್ತು, ಹಿರಿಯರಿಗೆ ಫ್ಯಾನ್ ಬಂದ್ ಮಾಡಿ ಅನ್ನಲು ಸಂಕೋಚ ಆಯಿತು. ಮನೆಗೆ ಬಂದು ಕೇಳಿದರೆ ಪದಕ್ಕಿಂತ ಫ್ಯಾನೇ ಜೋರು. ಮುಂದಿನ ವಾರ ಮತ್ತೆ ಹೋದೆ. ಆ ಆಯಿ ಬೇರೆ ಪದ ಹಾಡಿದರು. ಹಿಂದಿನದು ಅವರಿಗೆ ನೆನಪಾಗಲೇ ಇಲ್ಲ.

ಹಾಡು ಶುರುವಾಗುವ ಮೊದಲು ದಿನಾಂಕ, ಊರು, ಹಾಡುವವರ ಹೆಸರು, ಯಾರಿಂದ ಕಲಿತರು ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ. ‘ರೇಡಿಯೊದಾಗ ಹಾಕಬಹುದು’ ಅನ್ನುವ ಮಾತೂ ಅದರಲ್ಲೇ ಬರಲಿ. ಹಳೆಯ ಜನಪದ ಯಾರೊಬ್ಬರ ಸ್ವತ್ತೂ ಅಲ್ಲ, ಸರಿ. ಆದರೆ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷಗಳ ಹಕ್ಕನ್ನು ಕಾಪಿರೈಟ್ ಕಾಯ್ದೆ ಕೊಟ್ಟಿದೆ. ಕತ್ತರಿಸಿ ಜೋಡಿಸಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕೆಮ್ಮು ತೆಗೆಯಿರಿ, ಉಸಿರಿನ ಸದ್ದು ಹಾಗೇ ಇರಲಿ.

ಕಾಗದ

ಗಾಳಿಯಲ್ಲಿನ ಅಲೆಗಳು ಜನರ ಸ್ವತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊದ ಬಾಗಿಲು ತೆರೆಯಿತು. ಬೀದರ್ ಗಡಿ ದಾಟಿದರೆ ಸಿಗುವ ಜಹೀರಾಬಾದ್ ಭಾಗದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು 2008ರಿಂದ ಸಂಘಂ ರೇಡಿಯೊ ನಡೆಸುತ್ತ ಬಂದರು. ಅರ್ಜಿ ಹಾಕುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ.

ಒಬ್ಬ ವ್ಯಕ್ತಿಯ ಹೆಸರಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಲಾಭದ ಕಂಪನಿಗೂ, ರಾಜಕೀಯ ಪಕ್ಷಕ್ಕೂ ಇಲ್ಲ. ನೋಂದಣಿಯಾಗಿ ಕನಿಷ್ಠ 3 ವರ್ಷ ಊರಲ್ಲಿ ಕೆಲಸ ಮಾಡಿದ ಸಂಘ ಅಥವಾ ಟ್ರಸ್ಟ್, ಇಲ್ಲವೇ ಕಾಲೇಜು, ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆ ಬೇಕು. ಅರ್ಜಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಆನ್‌ಲೈನಿನಲ್ಲೇ ಹೋಗುತ್ತದೆ. ಕಾರ್ಯಕ್ರಮ ನೋಡಿಕೊಳ್ಳುವ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಅಂತ 2024ರ ನಿಯಮ ಹೇಳುತ್ತದೆ. ಲೈಸೆನ್ಸಿನ ಅವಧಿ ಈಗ 10 ವರ್ಷ. ತಾಸಿಗೆ 12 ನಿಮಿಷ ಜಾಹೀರಾತು ಹಾಕಬಹುದು. ಕರೆಂಟ್ ಬಿಲ್ಲಿಗೆ ಊರಿನ ಬಟ್ಟೆ ಅಂಗಡಿ, ಬೀಜದ ಅಂಗಡಿಗಳನ್ನು ಕೇಳಿ.

ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು ಅಷ್ಟೆ. ಆದರೆ ನಳದ ನೀರು ಯಾವಾಗ, ಕರೆಂಟ್ ಯಾವಾಗ, ಮಳೆ ಹೇಗೆ, ಪರೀಕ್ಷೆ ಯಾವತ್ತು, ಜಾತ್ರೆ ಎಲ್ಲಿ, ಇವನ್ನು ನಿಯಮ ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ. ನಮ್ಮ ಜನರಿಗೆ ದಿನಾ ಬೇಕಾದದ್ದೂ ಇದೇ.

ಈಗ ಕಂಬ

ಸಾಮಾನ್ಯವಾಗಿ ಸಿಗುವ ಶಕ್ತಿ 100 ವ್ಯಾಟ್. ಆಂಟೆನಾ ನೆಲದಿಂದ 30 ಮೀಟರ್ ಮೀರಬಾರದು. ಬಯಲಿನಲ್ಲಿ ಹತ್ತು ಕಿಲೊಮೀಟರ್ ಆಸುಪಾಸು ಚೆನ್ನಾಗಿ ಕೇಳುತ್ತದೆ. ಎಫ್‌ಎಂ ಅಲೆ ಬಹುಮಟ್ಟಿಗೆ ನೇರ ಹೋಗುತ್ತದೆ, ಗುಡ್ಡದ ಹಿಂದೆ ಅದರ ನೆರಳು ಬೀಳುತ್ತದೆ.

ನೆರಳು ಎಲ್ಲಿ ಬೀಳುತ್ತದೆ ಅಂತ ತಿಳಿಯಲು ಖರ್ಚಿಲ್ಲದ ದಾರಿ ಇದೆ. ಕತ್ತಲಾದ ಮೇಲೆ, ಕಂಬ ಹಾಕಬೇಕೆಂದಿರುವ ಜಾಗದಲ್ಲಿ ಒಬ್ಬರು ದೊಡ್ಡ ಟಾರ್ಚ್ ಹಿಡಿದು ನಿಲ್ಲಲಿ. ಉಳಿದವರು ಬೈಕ್ ಮೇಲೆ ಸುತ್ತಲಿನ ಊರು, ತಾಂಡಾ ಸುತ್ತಿ ಫೋನ್ ಮಾಡಿ ಹೇಳಲಿ: ‘ಕಾಣಾಕತ್ತದ’, ‘ಇಲ್ಲಿ ಇಲ್ಲ.’ ಬೆಳಕು ಕಂಡ ಕಡೆ ಅಲೆಗೂ ದಾರಿ ಇದೆ. ಕಾಣದ ಕಡೆ ಸ್ವಲ್ಪ ಬಾಗಿ ಹೋದೀತು, ನೆಚ್ಚಿಕೊಳ್ಳಬೇಡಿ. ಎತ್ತರ ಅಂತ ತುದಿಗುಡ್ಡಕ್ಕೇ ಓಡಬೇಡಿ. ಅಲ್ಲಿಗೆ ಕರೆಂಟ್ ಬೇಕು, ದಾರಿ ಬೇಕು, ಸಿಡಿಲು ಹೊಡೆದ ಮರುದಿನ ಯಾರಾದರೂ ಹತ್ತಿ ಹೋಗಬೇಕು. ಸಿಡಿಲು ಕಂಬಿ, ಅರ್ಥಿಂಗ್, ಇನ್ವರ್ಟರ್, ಈ ಮೂರರಲ್ಲಿ ಜಿಪುಣತನ ಬೇಡ.

ನೆರಳಿಗೆ ಬಿದ್ದ ಊರುಗಳಿಗೆ ಪೆನ್‌ಡ್ರೈವ್ ಕಳಿಸಿ, ಕಟ್ಟೆಯಲ್ಲಿ ಸ್ಪೀಕರ್ ಇಟ್ಟು ಕೇಳಿಸಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿ ತಂಡ ಕಂಬವಿಲ್ಲದ ದಿನಗಳಲ್ಲಿ ಕೇಬಲ್ ತಂತಿಯಲ್ಲೇ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸುತ್ತಿತ್ತು.

ಕೊನೆಗೆ ಒಂದು ತಪಾಸಣೆ. ಪದ ಹಾಡಿದವರ ಮನೆಯಲ್ಲಿ ರೇಡಿಯೊ ಇದೆಯಾ ನೋಡಿ. ಈಗಿನ ಬಹಳಷ್ಟು ಫೋನುಗಳಲ್ಲಿ ಎಫ್‌ಎಂ ಇಲ್ಲ. ಇದ್ದರೂ ತಂತಿಯ ಇಯರ್‌ಫೋನ್ ಸಿಕ್ಕಿಸಬೇಕು, ಅದೇ ಅದರ ಆಂಟೆನಾ. ಹಾಗಾಗಿ ನಾಲ್ಕೈದು ಸಣ್ಣ ರೇಡಿಯೊ ಸೆಟ್ ಕೊಂಡು ಓಣಿಗೊಂದು ಇಡಿ. ಒಂದನ್ನು ಹಿಟ್ಟಿನ ಗಿರಣಿಗೆ ಕೊಡಿ. ಒಳಗೆ ಏನೂ ಕೇಳಿಸುವುದಿಲ್ಲ, ಹೊರಗಿನ ಕಟ್ಟೆಯ ಮೇಲೆ ಇಡಿ. ಜೋಳದ ಡಬ್ಬಿ ಮುಂದಿಟ್ಟುಕೊಂಡು ಹೆಣ್ಣುಮಕ್ಕಳು ಪಾಳಿ ಕಾಯುವುದು ಅಲ್ಲೇ.