ಆಗಮನ ಕಾಲಕ್ಕೆ ನಾನು ಇಟ್ಟ ಉದ್ರಿ ವಹಿ

ಕ್ರಿಸ್ಮಸ್‌ಗೆ ಮುನ್ನ ನಾಲ್ಕು ಭಾನುವಾರಗಳನ್ನೊಳಗೊಂಡ ಆಗಮನ ಕಾಲದ ಸಿದ್ಧತೆಗೆ, ನನಗಾದ ಉಪಕಾರಗಳನ್ನು ನೆನೆದು ಕೃತಜ್ಞತೆ ಹೇಳಲು ಉದ್ರಿ ವಹಿ (ಸಾಲದ ಲೆಕ್ಕದ ಪುಸ್ತಕ) ಇಡುತ್ತೇನೆಂದಾಗ, ಅದು ಕಿರಾಣಿ ಅಂಗಡಿಯ ಲೆಕ್ಕವೇ ಹೊರತು ಪ್ರಾರ್ಥನೆಯಲ್ಲ ಎಂದು ಕಾರವಾರದ ನಮ್ಮ ಧರ್ಮಕೇಂದ್ರದ (ಚರ್ಚಿನ) ಗೆಳೆಯರು ನಕ್ಕಿದ್ದರು. ಈಗ ಅವರಲ್ಲೇ ಮೂವರು ವಹಿ ತಂದಿಟ್ಟುಕೊಂಡಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ವಹಿಗೂ ಮುಂಚಿನ ಎರಡು ವರ್ಷ ಹಣವೂ ಹೋಯಿತು, ಫಲವೂ ಸಿಗಲಿಲ್ಲ. ನೇರಳೆ ಮೇಣದ ಬತ್ತಿ, ಹಸಿರು ಮಾಲೆ, ದಪ್ಪ ರಟ್ಟಿನ ಡೈರಿ ಎಂದು ಸುಮಾರು 1,200 ರೂಪಾಯಿ ಸುರಿದು, ಡೈರಿಯಲ್ಲಿ ‘ಆರೋಗ್ಯ’, ‘ಕುಟುಂಬ’, ‘ಮಳೆ’ ಎಂದು ಬರೆಯುತ್ತ ಹೋದೆ. ಎಂಟನೆಯ ದಿನಕ್ಕೆ ಪದಗಳೇ ಮುಗಿದವು. ಮರುವರ್ಷ ಉಪ್ಪಿನಕಾಯಿ ಭರಣಿಗೆ ಚೀಟಿ ಹಾಕುವ ಪ್ರಯೋಗ ಮಾಡಿದರೆ, ಮಕ್ಕಳು ಒಬ್ಬರ ಚೀಟಿಯನ್ನೊಬ್ಬರು ನಕಲು ಮಾಡಿದರು.

2023ರಲ್ಲಿ ಮೂವತ್ತು ರೂಪಾಯಿಯ ಉದ್ದನೆಯ ವಹಿ ತಂದೆ. ರಾತ್ರಿ ಜಪಸರ (ಮಣಿ ಎಣಿಸುತ್ತ ಮಾಡುವ ಪ್ರಾರ್ಥನೆ) ಆದ ಮೇಲೆ ಒಂದೇ ಸಾಲು: ಯಾರಿಂದ, ಏನು, ಯಾವಾಗ. ‘ದೇವರ ದಯೆ’ ಎಂದು ಬರೆಯುವಂತಿಲ್ಲ; ಆ ದಯೆ ಯಾರ ಕೈಯಿಂದ ಬಂತೋ ಅವರ ಹೆಸರು ಬೇಕು. ಅವರ ಮನೆಗೆ ಹೋಗಿ ಬಾಯಿಬಿಟ್ಟು ಹೇಳಿದ ಮೇಲಷ್ಟೇ ಟಿಕ್. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸರು ಕಲಿಸಿದ ಆತ್ಮಪರೀಕ್ಷೆಯೂ (ದಿನವನ್ನು ಮರಳಿ ನೋಡುವ ಪ್ರಾರ್ಥನೆ) ತಪ್ಪುಗಳ ಎಣಿಕೆಗೆ ಮೊದಲು ಉಪಕಾರಗಳ ಸ್ಮರಣೆಯಿಂದಲೇ ತೊಡಗುತ್ತದೆಂದು ನಕ್ಕವರಿಗೆ ನೆನಪಿಸಬೇಕಾಯಿತು.

ಮೂರನೆಯ ಭಾನುವಾರ ಪೂಜೆಯಲ್ಲಿ, ಬೈಬಲಿನ ಥೆಸಲೋನಿಕದವರಿಗೆ ಬರೆದ ಪತ್ರದಿಂದ, ಎಲ್ಲ ಸ್ಥಿತಿಯಲ್ಲೂ ಕೃತಜ್ಞರಾಗಿರಿ ಎಂಬ ಪಾಠ ಓದಿದಾಗ, ಹದಿನಾಲ್ಕೋ ಹದಿನೈದೋ ಮುಖಗಳು ಕಣ್ಣೆದುರು ಬಂದವು. ಹಿಂದೆ ಅದೇ ಪಾಠ ಕಿವಿಯ ಮೇಲಷ್ಟೇ ಬಿದ್ದು ಹೋಗುತ್ತಿತ್ತು.

ನಡುವೆ ಶುಕ್ರವಾರ ಮೀನು ಬಿಟ್ಟು ದುಡ್ಡು ಕೂಡಿಡುವುದನ್ನೂ ನೋಡಿದೆ. ಮೂರು ವಾರಕ್ಕೆ ನಾನೂರು ರೂಪಾಯಿ ಉಳಿಯಿತು, ಬೆಳೆದದ್ದು ಕೃತಜ್ಞತೆಯಲ್ಲ, ಮೀನಿನ ಆಸೆ.

ದೊಡ್ಡ ತಪ್ಪು ನಡೆದದ್ದು ಬೈತಖೋಲ ಮೀನುಗಾರಿಕೆ ಬಂದರಿನ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಅಕ್ಕನ ವಿಷಯದಲ್ಲಿ. ಜೂನ್–ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ಮೀನು ಸಿಗದ ದಿನಗಳಲ್ಲಿ, ನನ್ನ ಕೈಯೂ ಖಾಲಿಯಿದ್ದಾಗ, ಅವರು ಕೇಳದೆಯೇ ಒಣ ಸಿಗಡಿ ಕೊಟ್ಟು ಹೋಗಿದ್ದರು. ಆಗಮನ ಕಾಲದ ಮೊದಲ ವಾರವೇ ಐನೂರು ರೂಪಾಯಿಯ ಲಕೋಟೆ ಕೊಟ್ಟೆ. ಅವರು ಅದನ್ನು ಜಗುಲಿಯ ಮೇಲಿಟ್ಟು, “ಸಾಲ ತೀರಿಸ್ದಂಗೆ ಮಾಡ್ಬೇಡಿ” ಎಂದು ಹೊರಟುಹೋದರು. ಎರಡು ವಾರ ನಮ್ಮ ಬಾಗಿಲಿಗೆ ಬರಲಿಲ್ಲ.

ಆ ವರ್ಷ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಿದ್ದು, ಆಗಮನ ಕಾಲ 22 ದಿನಕ್ಕೇ ಮುಗಿಯುವುದಿತ್ತು. ಬೆಳಗಿನ ಪೂಜೆಗೂ ರಾತ್ರಿಯ ಕ್ರಿಸ್ಮಸ್ ಪೂಜೆಗೂ ನಡುವಿನ ಹೊತ್ತಿನಲ್ಲಿ ನೆವರಿ (ಸಿಹಿ ಕರಿಗಡುಬು) ಡಬ್ಬಿ ಹಿಡಿದು ಅವರ ಮನೆಗೆ ಹೋಗಿ, ವಹಿ ತೆರೆದು ಓದಿದೆ: “ಜುಲೈ ಎರಡನೇ ವಾರ, ಒಣ ಸಿಗಡಿ, ಕೇಳದೇ ಕೊಟ್ಟದ್ದು.”

ಅವರು ಮೀನು ಕೊಯ್ಯುತ್ತಿದ್ದ ಕೈ ನಿಲ್ಲಿಸಿ, “ಎರಡ್ನೇ ವಾರ ಅಲ್ಲ, ಮೂರ್ನೇದು. ನಿಮ್ಮ ಹುಡುಗನಿಗೆ ಜ್ವರ ಇತ್ತಲ್ಲ” ಎಂದರು. ಅಲ್ಲೇ ಪೆನ್ನು ತೆಗೆದು ತಿದ್ದಿ, ಟಿಕ್ ಹಾಕಿದೆ.